ಕೈಗುಣವೋ, ಮೈಗುಣವೋ?

"ಆ ಡಾಕ್ಟರರ ಕೈಗುಣ ಬಹಳ ಒಳ್ಳೆಯದು" ಎಂಬ ಮಾತು ಕೇಳಿಬರದ ಊರು ನಮ್ಮ ಸೀಮೆಯಲ್ಲಿ ಇಲ್ಲ. ಒಂದೇ ಬಗೆಯ ಜ್ವರ, ಒಂದೇ ಆಸ್ಪತ್ರೆ, ಒಂದೇ ಬಣ್ಣದ ಗುಳಿಗೆ. ಅದನ್ನು ನುಂಗಿದ ಇಬ್ಬರಲ್ಲಿ ಒಬ್ಬನು ಮೂರನೆಯ ದಿನ ಅಡಕೆ ತೋಟಕ್ಕೆ ಇಳಿದು ಕೆಲಸದಲ್ಲಿ ತೊಡಗುತ್ತಾನೆ; ಇನ್ನೊಬ್ಬನು ಅದೇ ಮೂರನೆಯ ದಿನ ಮೊದಲಿಗಿಂತಲೂ ನಿತ್ರಾಣನಾಗಿ ಹಾಸಿಗೆ ಹಿಡಿಯುತ್ತಾನೆ. ಮೊದಲನೆಯವನ ಮನೆಯವರು ವೈದ್ಯರ ಕೈಗುಣವನ್ನು ಹೊಗಳುತ್ತಾರೆ. ಎರಡನೆಯವನ ಮನೆಯವರು ಅದೇ ಕೈಗುಣವನ್ನು ಹಳಿದು ಬೇರೊಬ್ಬ ವೈದ್ಯರನ್ನು ಅರಸಿಕೊಂಡು ಹೋಗುತ್ತಾರೆ. ಮದ್ದು ಕೊಟ್ಟ ಕೈಯನ್ನು ಎಲ್ಲರೂ ನೋಡಿದರು. ಮದ್ದನ್ನು ಉಂಡ ಮೈಯನ್ನು ಯಾರೂ ವಿಚಾರಿಸಲಿಲ್ಲ.

ಔಷಧದ ಫಲಾಫಲಗಳಲ್ಲಿ ಈ ಮೈಗುಣದ ಪಾಲು ಬಹಳ ದೊಡ್ಡದು; ಅದರಲ್ಲಿಯೂ ತಂದೆತಾಯಿಗಳಿಂದ ಬಳುವಳಿಯಾಗಿ ಬಂದ ಭಾಗವು ಕೆಲವು ಔಷಧಗಳ ವಿಷಯದಲ್ಲಿ ಪ್ರಾಣದ ಅಳಿವು ಉಳಿವನ್ನೇ ನಿರ್ಧರಿಸಬಲ್ಲದು. ಇದು ವೈದ್ಯವಿಜ್ಞಾನಕ್ಕೆ ತಿಳಿದು ಅರ್ಧ ಶತಮಾನಕ್ಕೂ ಹೆಚ್ಚಾಯಿತು. ಆದರೆ ದೊಡ್ಡ ನಗರಗಳ ಪ್ರಯೋಗಶಾಲೆಗಳಲ್ಲಿ ನೆಲೆಸಿರುವ ಈ ತಿಳಿವಳಿಕೆ ಘಟ್ಟದ ತಪ್ಪಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಿಗೆ ಇನ್ನೂ ಪೂರ್ಣವಾಗಿ ಬಂದು ತಲುಪಿಲ್ಲ. ನಮ್ಮ ಮನೆಗಳ ಒಳಗಂತೂ ಕಾಲಿಟ್ಟೇ ಇಲ್ಲ. ಅದು ಅಲ್ಲಿಗೂ ಇಲ್ಲಿಗೂ ಬರಬೇಕು, ಬರುವಂತೆ ಮಾಡುವುದು ನಮ್ಮಿಂದ ಸಾಧ್ಯ ಎಂಬುದೇ ಈ ಲೇಖನದ ಅಭಿಪ್ರಾಯ.

ಮೊದಲು ವಿಷಯದ ಸ್ಥೂಲ ಪರಿಚಯವನ್ನು ಮಾಡಿಕೊಳ್ಳೋಣ. ನಾವು ನುಂಗಿದ ಗುಳಿಗೆ ನೇರವಾಗಿ ರೋಗದ ಬಳಿಗೆ ಹೋಗಿ, ತನ್ನ ಕೆಲಸವನ್ನು ಮುಗಿಸಿ, ಮಾಯವಾಗುವುದಿಲ್ಲ. ಅದು ಕರುಳಿನಿಂದ ರಕ್ತಕ್ಕೆ ಸೇರಬೇಕು. ರಕ್ತದಿಂದ ತಕ್ಕ ಅಂಗವನ್ನು ಮುಟ್ಟಬೇಕು. ಕೆಲವು ಔಷಧಗಳಾದರೋ ಯಕೃತ್ತಿನಲ್ಲಿ ರೂಪಾಂತರ ಹೊಂದಿದ ಬಳಿಕವೇ ಗುಣಕಾರಿಯಾಗುತ್ತವೆ. ಕೊನೆಗೆ ದೇಹವು ಅದನ್ನು ಒಡೆದು ಹೊರಗೆ ಕಳುಹಿಸಬೇಕು. ಈ ಪಯಣದ ಹಂತಹಂತದಲ್ಲಿಯೂ ಕಿಣ್ವಗಳೆಂಬ ಸೂಕ್ಷ್ಮ ದ್ರವ್ಯಗಳು ಕೆಲಸ ಮಾಡುತ್ತವೆ. ಆ ಕಿಣ್ವಗಳನ್ನು ಹೇಗೆ ಕಟ್ಟಬೇಕೆಂಬ ಆದೇಶ ನಮ್ಮ ವಂಶವಾಹಿಗಳಲ್ಲಿ, ಅಂದರೆ ಜೀನುಗಳಲ್ಲಿ, ಬರೆದಿದೆ. ಬರಹದಲ್ಲಿ ಒಂದು ಅಕ್ಷರ ವ್ಯತ್ಯಾಸವಾದರೆ ಕಿಣ್ವವು ದುರ್ಬಲವಾಗಬಹುದು, ಅತಿಚುರುಕಾಗಬಹುದು, ಇಲ್ಲವೇ ಹುಟ್ಟದೆಯೇ ಹೋಗಬಹುದು. ನಿತ್ಯಜೀವನದಲ್ಲಿ ಅದರಿಂದ ಯಾವ ತೊಂದರೆಯೂ ಕಾಣದಿರಬಹುದು. ನಿರ್ದಿಷ್ಟವಾದ ಒಂದು ಔಷಧವು ದೇಹವನ್ನು ಹೊಕ್ಕಾಗ ಮಾತ್ರ ಆ ವ್ಯತ್ಯಾಸವು ಬೆಳಕಿಗೆ ಬರುತ್ತದೆ. ಊರಿನ ಹಳೆಯ ಅಡಕೆ ತಳಿಯೂ, ವಿಟ್ಲದ ಸಂಶೋಧನಾ ಕೇಂದ್ರದಿಂದ ಬಂದ 'ಮಂಗಳ' ತಳಿಯೂ ಒಂದೇ ತೋಟದ ಒಂದೇ ಗೊಬ್ಬರಕ್ಕೆ ಒಂದೇ ರೀತಿಯಲ್ಲಿ ಓಗೊಡುವುದಿಲ್ಲವೆಂಬುದನ್ನು ಬಲ್ಲ ಕೃಷಿಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಪ್ರತಿಯೊಬ್ಬ ಮನುಷ್ಯನ ದೇಹದ ರಸಾಯನವೂ ತನ್ನದೇ ವೈಶಿಷ್ಟ್ಯವುಳ್ಳದ್ದು ಎಂದು ಇಂಗ್ಲೆಂಡಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲಿಯೇ ಸೂಚಿಸಿದ್ದನು. ಔಷಧ ಮತ್ತು ಅನುವಂಶೀಯತೆಗಳ ಸಂಬಂಧವನ್ನು ಅರಸುವ ಶಾಸ್ತ್ರಕ್ಕೆ 1959ರಲ್ಲಿ ಜರ್ಮನಿಯ ಫ್ರೀಡ್ರಿಶ್ ಫೋಗೆಲ್ 'ಫಾರ್ಮಕೋಜೆನೆಟಿಕ್ಸ್' ಎಂದು ಹೆಸರಿಟ್ಟನು. ಕನ್ನಡದಲ್ಲಿ ಅದನ್ನು ಔಷಧ ಅನುವಂಶಶಾಸ್ತ್ರ ಎನ್ನಬಹುದು. ಹೆಸರು ಹೊಸದಾದರೂ ಅದರ ಮೊದಲ ದೊಡ್ಡ ಪಾಠವು ದೊರೆತದ್ದು ನಮಗೆಲ್ಲ ಚಿರಪರಿಚಿತವಾದ ಒಂದು ರೋಗದ ಮದ್ದಿನಿಂದ. ಆ ರೋಗವೇ ಚಳಿಜ್ವರ, ಮಲೇರಿಯಾ.

ಸಂಪಾಜೆಯಂತಹ ಊರಿಗೆ ಚಳಿಜ್ವರದ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮಂಗಳೂರಿನಿಂದ ಮಡಿಕೇರಿಗೆ ಏರುವ ಹೆದ್ದಾರಿಯಲ್ಲಿ, ಒಂದು ಪಾಲು ದಕ್ಷಿಣ ಕನ್ನಡಕ್ಕೂ ಇನ್ನೊಂದು ಪಾಲು ಕೊಡಗಿಗೂ ಸೇರಿ, ಪಯಸ್ವಿನಿಯ ದಡದಲ್ಲಿ ಹಬ್ಬಿರುವ ಊರು ಇದು. ಕಾಡು, ತೊರೆ, ನೆರಳು, ನಿಧಾನವಾಗಿ ಹರಿಯುವ ನೀರು ಇವೆಲ್ಲ ಕೂಡಿದ ಪಶ್ಚಿಮ ಘಟ್ಟದ ತಪ್ಪಲು ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆಗೆ ಸಹಜವಾದ ನೆಲೆ. ಸ್ವಾತಂತ್ರ್ಯದ ಹೊತ್ತಿಗೆ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತೆಂದೂ 8 ಲಕ್ಷ ಜನ ಸಾಯುತ್ತಿದ್ದರೆಂದೂ ಅಂದಾಜು. 1946ರಿಂದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರು ನಡೆಸಿದ ಡಿಡಿಟಿ ಸಿಂಪಡಣೆಯ ಯಶಸ್ಸು, 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಪ್ರೇರಣೆಗಳಲ್ಲಿ ಒಂದಾಯಿತು. 1965ರ ವೇಳೆಗೆ ದೇಶದ ಪ್ರಕರಣಗಳು ಸುಮಾರು ಒಂದು ಲಕ್ಷಕ್ಕೆ ಇಳಿದವು. 1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿದವು. 1990ರ ಬಳಿಕ ಮಂಗಳೂರು ನಗರದಲ್ಲಿ ರೋಗವು ಪುನಃ ಬೇರೂರಿ, ಅನೇಕ ವರ್ಷಗಳ ಕಾಲ ಜಿಲ್ಲೆಯ ಹೆಸರನ್ನು ರಾಜ್ಯದ ಮಲೇರಿಯಾ ಪಟ್ಟಿಯ ಮೇಲ್ಭಾಗದಲ್ಲಿ ಇರಿಸಿತು. ಈಚೆಗೆ ಪ್ರಕರಣಗಳು ಬಹಳವಾಗಿ ಕುಗ್ಗಿವೆ. 2030ರೊಳಗೆ ದೇಶದಿಂದ ಮಲೇರಿಯಾವನ್ನು ನಿರ್ಮೂಲಗೊಳಿಸಬೇಕೆಂಬುದು ಸರ್ಕಾರದ ಗುರಿ.

ಆ ಗುರಿಯನ್ನು ಮುಟ್ಟುವ ದಾರಿಯಲ್ಲಿಯೇ ನಮ್ಮ ವಿಷಯವು ಎದುರಾಗುತ್ತದೆ. ಕರಾವಳಿಯಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಮಲೇರಿಯಾದ ರೋಗಾಣುವಿಗೆ ಒಂದು ಕಪಟವಿದೆ. ಕ್ಲೋರೋಕ್ವಿನ್ ಗುಳಿಗೆಯಿಂದ ರಕ್ತದಲ್ಲಿರುವ ರೋಗಾಣು ಸಾಯುತ್ತದೆ, ಜ್ವರವೂ ಬಿಡುತ್ತದೆ. ಆದರೆ ಅದರ ಒಂದು ಪಾಲು ಯಕೃತ್ತಿನಲ್ಲಿ ಅಡಗಿ ನಿದ್ರಿಸುತ್ತಿದ್ದು, ವಾರಗಳ ಅಥವಾ ತಿಂಗಳುಗಳ ಬಳಿಕ ಎಚ್ಚೆತ್ತು ಮತ್ತೆ ಚಳಿಜ್ವರವನ್ನು ತರುತ್ತದೆ. ಈ ನಿದ್ರಿತ ರೋಗಾಣುವನ್ನು ಕೊಲ್ಲಲು ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಮದ್ದು ಪ್ರೈಮಾಕ್ವಿನ್. ಅದನ್ನು 14 ದಿನ ತಪ್ಪದೆ ಸೇವಿಸಬೇಕು. ಬಹುಪಾಲು ಜನರಿಗೆ ಇದು ನಿರಪಾಯಕರವಾದ, ಅತ್ಯಗತ್ಯವಾದ ಔಷಧ. ಇದನ್ನು ಓದಿ ಯಾರೂ ವೈದ್ಯರು ಕೊಟ್ಟ ಪ್ರೈಮಾಕ್ವಿನ್ ಗುಳಿಗೆಯನ್ನು ಹಿತ್ತಲಿಗೆ ಎಸೆಯಬಾರದೆಂದು ಮೊದಲೇ ಒತ್ತಿ ಹೇಳುತ್ತೇನೆ.

ಆದರೆ ಕೆಲವರ ವಿಷಯ ಬೇರೆ. ಅವರ ಕೆಂಪು ರಕ್ತಕಣಗಳಲ್ಲಿ ಜಿ6ಪಿಡಿ ಎಂದು ಸಂಕ್ಷೇಪವಾಗಿ ಕರೆಯಲಾಗುವ ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದ ಕೊರತೆ ಇರುತ್ತದೆ. ಕೆಲವು ದ್ರವ್ಯಗಳು ದೇಹವನ್ನು ಹೊಕ್ಕಾಗ ಉಂಟಾಗುವ ಒಂದು ಬಗೆಯ ದಹನದಿಂದ ರಕ್ತಕಣವನ್ನು ಕಾಯುವುದು ಆ ಕಿಣ್ವದ ಕೆಲಸ. ಕಿಣ್ವವು ಸಾಲದಾದಾಗ ಪ್ರೈಮಾಕ್ವಿನ್ನಿನ ಹೊಡೆತಕ್ಕೆ ರಕ್ತಕಣಗಳು ಒಡೆಯತೊಡಗುತ್ತವೆ. ಮದ್ದು ತೆಗೆದುಕೊಂಡ ಒಂದೆರಡು ಅಥವಾ ಮೂರು ದಿನಗಳಲ್ಲಿ ಮೂತ್ರವು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ, ಏದುಸಿರು, ಬಳಲಿಕೆ ಕಾಣುತ್ತದೆ. ಕೊರತೆ ತೀವ್ರವಾಗಿದ್ದರೆ ರಕ್ತ ಕೊಡಬೇಕಾಗಬಹುದು, ಮೂತ್ರಪಿಂಡಕ್ಕೆ ಪೆಟ್ಟಾಗಬಹುದು, ಪ್ರಾಣವೂ ಹೋಗಬಹುದು. ಮಲೇರಿಯಾದಲ್ಲಿ ಕಣ್ಣು ಹಳದಿಯಾಗುವುದೂ ಬಳಲಿಕೆಯಾಗುವುದೂ ಉಂಟಾದುದರಿಂದ, ಇದು ರೋಗದ ಉಲ್ಬಣವೆಂದು ಬಗೆದು ಮನೆಯವರು ಅದೇ ಗುಳಿಗೆಯನ್ನು ಇನ್ನಷ್ಟು ಶ್ರದ್ಧೆಯಿಂದ ನುಂಗಿಸುವ ಅಪಾಯವಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಯನ್ನು ನಾವು ನಗುತ್ತ ಹೇಳುತ್ತೇವೆ. ಇಲ್ಲಿ ಜ್ವರವೂ ಬರೆಯೂ ಒಂದೇ ಬಡಜೀವದ ಮೇಲೆ ಬೀಳುತ್ತವೆ.

ಈ ಕಿಣ್ವದ ಕೊರತೆಯೇ ಅನರ್ಥದ ಮೂಲವೆಂಬುದು 1956ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು. ಆ ಅರಿವಿಗೆ ದಾರಿಯಾದ ಪ್ರಯೋಗಗಳು ನಡೆದದ್ದು ಇಲಿನಾಯ್ ಸಂಸ್ಥಾನದ ಸೆರೆಮನೆಯ ಕೈದಿಗಳ ಮೇಲೆ ಎಂಬುದನ್ನು ನೆನೆದರೆ, ಜ್ಞಾನಕ್ಕೆ ತೆತ್ತ ಬೆಲೆಯ ಬಗೆಗೆ ಮನಸ್ಸು ಭಾರವಾಗುತ್ತದೆ. ಅಷ್ಟು ಬೆಲೆ ತೆತ್ತು ಪಡೆದ ತಿಳಿವಳಿಕೆಯನ್ನು ಬಳಸದೆ ಇಟ್ಟಿರುವುದು ಇನ್ನೂ ಹೆಚ್ಚಿನ ತಪ್ಪು.

ಇಲ್ಲಿ ಪ್ರಕೃತಿಯ ಒಂದು ವಿಚಿತ್ರವನ್ನು ಗಮನಿಸಬೇಕು. ಈ ಕೊರತೆಯು ಜಗತ್ತಿನಲ್ಲಿ ಹೆಚ್ಚಾಗಿ ಕಾಣುವುದು ಮಲೇರಿಯಾ ತಲೆತಲಾಂತರದಿಂದ ಬೀಡುಬಿಟ್ಟಿದ್ದ ಸೀಮೆಗಳಲ್ಲಿಯೇ. ರಕ್ತಕ್ಕೆ ಸಂಬಂಧಿಸಿದ ಕೆಲವು ಅನುವಂಶೀಯ ವ್ಯತ್ಯಾಸಗಳು ಮಲೇರಿಯಾದಿಂದ ಸ್ವಲ್ಪ ರಕ್ಷಣೆ ನೀಡುವುದರಿಂದಲೇ ಅಂತಹ ಸೀಮೆಗಳಲ್ಲಿ ಉಳಿದು ಬೆಳೆದಿರಬೇಕೆಂಬ ವಿಚಾರವನ್ನು 1949ರಲ್ಲಿ ಮುಂದಿಟ್ಟವರು ಜೆ. ಬಿ. ಎಸ್. ಹಾಲ್ಡೇನ್, 1957ರಲ್ಲಿ ಭಾರತಕ್ಕೆ ಬಂದು, ಭಾರತದ ಪೌರರಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಮಹಾವಿಜ್ಞಾನಿ. ಪೂರ್ವಿಕರನ್ನು ಚಳಿಜ್ವರದಿಂದ ಕಾಯ್ದ ಗುಣವೇ ಮೊಮ್ಮಕ್ಕಳಿಗೆ ಚಳಿಜ್ವರದ ಮದ್ದನ್ನು ವಿಷವಾಗಿಸುತ್ತಿದೆ. ಆದುದರಿಂದ ಇದನ್ನು ಕುಲದ ಕಳಂಕವೆಂದು ನೋಡುವುದಕ್ಕೆ ಆಧಾರವಿಲ್ಲ. ಹಿಂದಿನ ಮಲೆನಾಡಿನ ಬಾಳು ರಕ್ತದಲ್ಲಿ ಉಳಿಸಿಹೋದ ಗುರುತು ಅದು.

ಭಾರತದಲ್ಲಿ ಈ ಕೊರತೆಯ ಪ್ರಮಾಣವು ಸಮುದಾಯದಿಂದ ಸಮುದಾಯಕ್ಕೆ ಬಹಳವಾಗಿ ಬದಲಾಗುತ್ತದೆ. ಕೊರತೆಯ ಬಗೆಗಳೂ ಹಲವು. ಅವುಗಳಲ್ಲಿ ಒಂದಕ್ಕೆ 'ಒರಿಸ್ಸಾ' ಎಂದೂ, ಇನ್ನೊಂದಕ್ಕೆ 'ಕೇರಳ-ಕಲ್ಯಾಣ್' ಎಂದೂ, ಅವು ಮೊದಲು ಕಂಡುಬಂದ ಸ್ಥಳಗಳ ಹೆಸರುಗಳನ್ನೇ ಇಟ್ಟಿದ್ದಾರೆ. ಹೀಗಿರುವಲ್ಲಿ ಸುಳ್ಯ, ಕಡಬ, ಪುತ್ತೂರು ತಾಲೂಕುಗಳ ಯಾವುದೇ ಸರ್ಕಾರಿ ಆಸ್ಪತ್ರೆಯ ಹೊರಬೆಂಚನ್ನು ಕಣ್ಣಮುಂದೆ ತಂದುಕೊಳ್ಳಿ. ಅಲ್ಲಿ ಅರೆಭಾಷೆಯ ಗೌಡರು ಕುಳಿತಿದ್ದಾರೆ. ಮಲೆಕುಡಿಯರು, ಮೊಗೇರರು, ಹವ್ಯಕರು, ಬ್ಯಾರಿಗಳು ಇದ್ದಾರೆ. ಕೇರಳದಿಂದ ಘಟ್ಟದಂಚಿಗೆ ಬಂದು ರಬ್ಬರ್ ಬೆಳೆದ ಕುಟುಂಬದವರಿದ್ದಾರೆ. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಬಳಿಕ ಶ್ರೀಲಂಕೆಯಿಂದ ಮರಳಿ, ಇಲ್ಲಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ಬಾಳು ಕಟ್ಟಿಕೊಂಡ ತಮಿಳರ ಮಕ್ಕಳು ಮೊಮ್ಮಕ್ಕಳಿದ್ದಾರೆ. ಕೂಲಿಗಾಗಿ ಒಡಿಶಾ, ಜಾರ್ಖಂಡಗಳಿಂದ ಬಂದ ತರುಣರಿದ್ದಾರೆ. ಒಂದೇ ಬೆಂಚಿನ ಮೇಲೆ ಇಷ್ಟು ದಿಕ್ಕುಗಳ ವಂಶಚರಿತ್ರೆ ಕುಳಿತಿದೆ. ಕಿಟಕಿಯಲ್ಲಿ ಕೊಡುವ ಗುಳಿಗೆ ಮಾತ್ರ ಒಂದೇ, ಅಳತೆಯೂ ಒಂದೇ. ರಾಷ್ಟ್ರೀಯ ಮಾರ್ಗಸೂಚಿಯು ಜಿ6ಪಿಡಿ ಕೊರತೆಯುಳ್ಳವರಿಗೆ, ಗರ್ಭಿಣಿಯರಿಗೆ, ಶಿಶುಗಳಿಗೆ ಈ ಹದಿನಾಲ್ಕು ದಿನಗಳ ಮದ್ದನ್ನು ಕೊಡಬಾರದೆನ್ನುತ್ತದೆ. ಮೂತ್ರವು ಕಪ್ಪಾದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಬರುವಂತೆ ತಿಳಿಸಬೇಕೆನ್ನುತ್ತದೆ. ಗರ್ಭಿಣಿಯನ್ನೂ ಶಿಶುವನ್ನೂ ಕಣ್ಣಿನಿಂದ ಗುರುತಿಸಬಹುದು. ಕಿಣ್ವದ ಕೊರತೆಯನ್ನು ಪರೀಕ್ಷೆಯಿಲ್ಲದೆ ಗುರುತಿಸುವುದು ಹೇಗೆ?

ಪರೀಕ್ಷೆಯೇನೂ ಗಗನಕುಸುಮವಲ್ಲ. ಬೆರಳ ತುದಿಯ ಹನಿ ರಕ್ತದಿಂದ ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುವ ಸಾಧನಗಳು ಈಗ ಬಂದಿವೆ. ಕೊರತೆ ಇದೆಯೆಂದು ತಿಳಿದವರಿಗೂ ದಾರಿಯಿದೆ: ವಾರಕ್ಕೊಮ್ಮೆಯಂತೆ 8 ವಾರ, ವೈದ್ಯರ ನಿಕಟ ಮೇಲ್ವಿಚಾರಣೆಯಲ್ಲಿ ಮದ್ದು ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದೆ. ನಮ್ಮ ಪಯಸ್ವಿನಿಯು ಕಾಸರಗೋಡಿನಲ್ಲಿ ಚಂದ್ರಗಿರಿಯೆಂಬ ಹೆಸರು ಹೊತ್ತು ಕಡಲನ್ನು ಸೇರುತ್ತದೆ. ಆ ನದೀಮುಖವಿರುವ ಕೇರಳದ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ ಮಾಡುವ ತಪಾಸಣೆಯಲ್ಲಿ ಈ ಕಿಣ್ವದ ಪರೀಕ್ಷೆಯೂ ಸೇರಿದೆ. ಕೆಳದಂಡೆಯ ಮಗುವಿಗೆ ದೊರೆಯುವ ರಕ್ಷೆ ಮೇಲ್ದಂಡೆಯ ಮಗುವಿಗೂ ದೊರೆಯಲಿ ಎಂದು ಕೇಳುವುದು ದುರಾಸೆಯಾಗಲಾರದು. ಪ್ರೈಮಾಕ್ವಿನ್ ಕೊಡುವ ಪ್ರತಿಯೊಂದು ಆರೋಗ್ಯ ಕೇಂದ್ರದಲ್ಲಿಯೂ ಜಿ6ಪಿಡಿ ಪರೀಕ್ಷೆ ಇರಬೇಕು. ಘಟ್ಟದ ತಪ್ಪಲಿನ ತಾಲೂಕುಗಳಿಂದ ಅದು ಆರಂಭವಾಗಬೇಕು. ರೋಗನಿರ್ಮೂಲನದ ಕೊನೆಯ ಹಂತದಲ್ಲಿ ಪ್ರಕರಣಗಳು ಕಡಿಮೆಯಾದಂತೆ ಪರೀಕ್ಷೆಯ ಒಟ್ಟು ಖರ್ಚೂ ಕಡಿಮೆಯಾಗುತ್ತದೆಯಾದ್ದರಿಂದ ಹಣವಿಲ್ಲವೆಂಬ ನೆಪಕ್ಕೂ ಎಡೆಯಿಲ್ಲ.

ಈ ಕೊರತೆ ಹರಿದುಬರುವ ದಾರಿಯೂ ನಮ್ಮ ನಾಡಿನವರಿಗೆ ಸುಲಭವಾಗಿ ಅರ್ಥವಾಗುವಂಥದು. ಅದರ ವಂಶವಾಹಿಯು ಎಕ್ಸ್ ವರ್ಣತಂತುವಿನಲ್ಲಿದೆ. ಗಂಡುಮಕ್ಕಳಿಗೆ ಆ ವರ್ಣತಂತು ಒಂದೇ. ಅದು ತಾಯಿಯಿಂದಲೇ ಬರಬೇಕು. ಆದುದರಿಂದ ಹುಡುಗನೊಬ್ಬನ ವಿಷಯದಲ್ಲಿ ವಿಚಾರಿಸುವಾಗ ತಂದೆಯ ಕಡೆಗಿಂತ ಮೊದಲು ಸೋದರಮಾವನನ್ನು ಕೇಳಬೇಕು: "ಜ್ವರದ ಮದ್ದು ತಿಂದು ಎಂದಾದರೂ ಮೂತ್ರ ಕಪ್ಪಾದದ್ದುಂಟೇ?" ಅಳಿಯಸಂತಾನದ ಕಟ್ಟನ್ನು ಬಲ್ಲ ಈ ಜಿಲ್ಲೆಯಲ್ಲಿ, ಮಾವನಿಂದ ಅಳಿಯನಿಗೆ ಆಸ್ತಿ ಸಲ್ಲುವ ಸಂಗತಿ ಎಲ್ಲರಿಗೂ ಗೊತ್ತು. ಆಸ್ತಿಯ ದಾರಿಯಲ್ಲಿಯೇ ಎಚ್ಚರಿಕೆಯ ಮಾತೂ ಹರಿದುಬರಬೇಕಾಗಿದೆ. ಹೆಣ್ಣುಮಕ್ಕಳಲ್ಲಿ ಆ ವರ್ಣತಂತು ಎರಡಿರುವುದರಿಂದ ಕೊರತೆಯು ಸಾಮಾನ್ಯವಾಗಿ ಸೌಮ್ಯವಾಗಿರುತ್ತದೆ. ಇಲ್ಲವೇ ಇಲ್ಲವೆಂದು ಹೇಳುವಂತಿಲ್ಲ.

ಎರಡನೆಯ ನಿದರ್ಶನವು ಶಸ್ತ್ರಚಿಕಿತ್ಸೆಯ ಕೊಠಡಿಯದು. ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತಕ್ಕೇ ವಿಶೇಷವಾದದ್ದು. ರೋಗಿಗೆ ಅರಿವಳಿಕೆ ಕೊಟ್ಟು ಶ್ವಾಸನಾಳದಲ್ಲಿ ಕೊಳವೆ ಇಳಿಸುವಾಗ, ಸ್ನಾಯುಗಳನ್ನು ಕ್ಷಣಕಾಲ ಸಡಿಲಗೊಳಿಸಲು ಸಕ್ಸಿನೈಲ್‌ಕೋಲಿನ್ ಎಂಬ ಔಷಧವನ್ನು ಬಳಸುವುದುಂಟು. ಆಸ್ಪತ್ರೆಗಳಲ್ಲಿ ಇದನ್ನು 'ಸ್ಕೋಲಿನ್' ಎನ್ನುತ್ತಾರೆ. ರಕ್ತದಲ್ಲಿರುವ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವು ಅದನ್ನು ಒಡೆದುಹಾಕುವುದರಿಂದ ಕೆಲವೇ ನಿಮಿಷಗಳಲ್ಲಿ ಅದರ ಪ್ರಭಾವ ಇಳಿದು, ಉಸಿರಾಟದ ಶಕ್ತಿ ಮರಳುತ್ತದೆ. ಕಿಣ್ವವಿಲ್ಲದವರಲ್ಲಿ ಆ ನಿಮಿಷಗಳು ಗಂಟೆಗಳಾಗುತ್ತವೆ. ಶಸ್ತ್ರಚಿಕಿತ್ಸೆ ಮುಗಿದಿದೆ, ಹೊಲಿಗೆ ಹಾಕಿಯಾಗಿದೆ, ರೋಗಿಯ ಹೃದಯ ಬಡಿಯುತ್ತಿದೆ. ಆದರೆ ಉಸಿರಾಡಬೇಕಾದ ಸ್ನಾಯು ಅಲುಗುವುದಿಲ್ಲ. ಉಸಿರಾಟದ ಯಂತ್ರವಿದ್ದು, ಅದನ್ನು ಬಲ್ಲ ಅರಿವಳಿಕೆ ತಜ್ಞರು ಪಕ್ಕದಲ್ಲಿದ್ದರೆ, ಔಷಧವು ತಾನಾಗಿ ಇಳಿಯುವವರೆಗೆ ಕಾದು ರೋಗಿಯನ್ನು ಉಳಿಸಿಕೊಳ್ಳಬಹುದು. ಸಣ್ಣ ಊರಿನ ಸಣ್ಣ ಆಸ್ಪತ್ರೆಯಲ್ಲಿ ಯಂತ್ರವಿಲ್ಲದಿದ್ದರೆ?

ಈ ಕೊರತೆಯು ಯೂರೋಪಿನ ಜನರಲ್ಲಿ ಸಾವಿರಾರು ಮಂದಿಯಲ್ಲಿ ಒಬ್ಬರಿಗೆ ಕಾಣುವಂಥದು. ನಮ್ಮ ಆರ್ಯವೈಶ್ಯ ಸಮುದಾಯದಲ್ಲಿ ಮಾತ್ರ ಅದು ಬಹಳ ಹೆಚ್ಚು. ಆ ಸಮುದಾಯದವರಲ್ಲಿ ಕಂಡುಬಂದ, ವಂಶವಾಹಿಯ ನಿರ್ದಿಷ್ಟವಾದ ಒಂದು ಮಾರ್ಪಾಟನ್ನು 2006ರಲ್ಲಿ ಕೊಯಮತ್ತೂರಿನ ಸಂಶೋಧಕರು ವಿದೇಶೀ ಸಹೋದ್ಯೋಗಿಗಳೊಡನೆ ಪ್ರಕಟಿಸಿದರು. ಹೈದರಾಬಾದಿನ ಕುಮಾರಸ್ವಾಮಿ ತಂಗರಾಜ್ ಮತ್ತು ಅಮೆರಿಕದ ಡೇವಿಡ್ ರೈಕ್ ಅವರ ಬಳಗವು 2017ರಲ್ಲಿ ಪ್ರಕಟಿಸಿದ ಅಧ್ಯಯನವು, ಇತರ ಗುಂಪುಗಳಿಗಿಂತ ಇಲ್ಲಿ ಈ ಕೊರತೆಯು ಸುಮಾರು ನೂರು ಪಟ್ಟು ಹೆಚ್ಚೆಂದು ಉಲ್ಲೇಖಿಸಿದೆ. ಕೆಲವೇ ಮೂಲಪುರುಷರಿಂದ ಬೆಳೆದು, ಬಹುಕಾಲ ತಮ್ಮೊಳಗೇ ಮದುವೆಯ ಸಂಬಂಧ ಬೆಳೆಸಿದ ಗುಂಪುಗಳಲ್ಲಿ ಅಪರೂಪದ ವಂಶವಾಹಿಗಳು ಹೀಗೆ ಗಟ್ಟಿಯಾಗಿ ನಿಲ್ಲುತ್ತವೆ. ಇದು ಒಂದು ಸಮುದಾಯದ ಕಥೆಯಷ್ಟೇ ಎಂದು ಉಳಿದವರು ಬೀಗುವಂತಿಲ್ಲ: ಅದೇ ಅಧ್ಯಯನದಲ್ಲಿ ಪರಿಶೀಲಿಸಿದ ದಕ್ಷಿಣ ಏಷ್ಯದ 263 ಗುಂಪುಗಳಲ್ಲಿ 81 ಗುಂಪುಗಳು ಇಂತಹ ಬಿಗಿಯಾದ ವಂಶಚರಿತ್ರೆಯನ್ನು ಹೊಂದಿದ್ದವು. ಉಳಿದವರ ರಕ್ತದಲ್ಲಿ ಯಾವ ಮದ್ದಿನ ಯಾವ ಗುಟ್ಟು ಅಡಗಿದೆಯೆಂಬುದನ್ನು ಇನ್ನೂ ಯಾರೂ ಹುಡುಕಿ ನೋಡಿಲ್ಲ, ಅಷ್ಟೆ.

ಸ್ಕೋಲಿನ್ನಿನ ವಿಷಯದಲ್ಲಿ ಸಮಾಧಾನದ ಸಂಗತಿಯೂ ಉಂಟು. ಕಿಣ್ವವಿಲ್ಲದವನು ಬಾಳೆಲ್ಲ ಆರೋಗ್ಯವಂತನಾಗಿಯೇ ಇರಬಲ್ಲನು. ಮುಂಚಿತವಾಗಿ ತಿಳಿದರೆ ಅರಿವಳಿಕೆ ತಜ್ಞರು ಬೇರೆ ಔಷಧವನ್ನು ಆರಿಸುತ್ತಾರೆ, ಅಪಾಯವೇ ಇಲ್ಲ. ಈ ಕೊರತೆ ಪೂರ್ಣವಾಗಿ ಪ್ರಕಟವಾಗಬೇಕಾದರೆ ತಂದೆಯಿಂದಲೂ ತಾಯಿಯಿಂದಲೂ ಆ ವಂಶವಾಹಿ ಬಂದಿರಬೇಕು. ಒಬ್ಬರಲ್ಲಿ ಅದು ಪ್ರಕಟವಾಯಿತೆಂದರೆ ಅವರ ಒಡಹುಟ್ಟಿದ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಂಭವವಿದೆ. ಅಕ್ಕನಿಗೆ ಹೆರಿಗೆಯ ಶಸ್ತ್ರಚಿಕಿತ್ಸೆಯಲ್ಲಿ ಉಸಿರು ಮರಳಲು ನಾಲ್ಕು ಗಂಟೆ ಹಿಡಿಯಿತೆಂಬ ಸಂಗತಿ ತಮ್ಮನ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯ ದಿನ ವೈದ್ಯರಿಗೆ ತಿಳಿಯಲೇಬೇಕು. ನಮ್ಮ ಮನೆಗಳಲ್ಲಿ ಆಗುವುದೇನು? "ದೇವರ ದಯೆ, ಗಂಡಾಂತರ ಕಳೆಯಿತು" ಎಂದು ಹರಕೆ ತೀರಿಸುತ್ತಾರೆ. ಔಷಧದ ಹೆಸರನ್ನು ಯಾರೂ ಬರೆದಿಡುವುದಿಲ್ಲ. ಹರಕೆಯನ್ನು ತೀರಿಸಲಿ, ಹೆಸರನ್ನೂ ಬರೆದಿಡಲಿ.

ಮೂರನೆಯ ನಿದರ್ಶನ ಕ್ಷಯದ್ದು. ಐಸೋನಿಯಜಿಡ್ ಎಂಬ ಗುಳಿಗೆಯನ್ನು ದೇಹವು ಕಳೆಯುವ ವೇಗದಲ್ಲಿ ಜನರೊಳಗೆ ಎರಡು ಪಂಗಡಗಳುಂಟು: ಬೇಗ ಕಳೆಯುವವರು, ನಿಧಾನವಾಗಿ ಕಳೆಯುವವರು. ದಕ್ಷಿಣ ಭಾರತದಲ್ಲಿ ನಿಧಾನಿಗಳೇ ಹೆಚ್ಚು. 1956ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯ ಚಿಕಿತ್ಸಾ ಕೇಂದ್ರದ ಅಧ್ಯಯನಗಳು ಇದರ ಪರಿಣಾಮವನ್ನು ಜಗತ್ತಿಗೆ ತೋರಿಸಿಕೊಟ್ಟವು. ನಿಧಾನಿಗಳಲ್ಲಿ ಕೈಕಾಲುಗಳ ಜೋಮು, ಉರಿ ಹೆಚ್ಚು; ಮದ್ದನ್ನು ವಾರಕ್ಕೊಮ್ಮೆ ಮಾತ್ರ ಕೊಟ್ಟಾಗ ಬೇಗ ಕಳೆಯುವವರಲ್ಲಿ ಗುಣವಾಗುವುದು ಕಡಿಮೆ. ಮೊದಲನೆಯದಕ್ಕೆ ಬಿ6 ಜೀವಸತ್ತ್ವದ ಅಗ್ಗದ ಗುಳಿಗೆಯೇ ಪರಿಹಾರ. ಎರಡನೆಯದಕ್ಕೆ ಮದ್ದನ್ನು ಹೆಚ್ಚು ಬಾರಿ ಕೊಡುವುದೇ ಪರಿಹಾರ. ಒಬ್ಬೊಬ್ಬರ ವಂಶವಾಹಿಯನ್ನೂ ಓದದೆಯೇ, ವ್ಯತ್ಯಾಸ ಇದೆಯೆಂಬ ಅರಿವಿನಿಂದಲೇ ಚಿಕಿತ್ಸೆಯ ಕ್ರಮವನ್ನು ಎಲ್ಲರಿಗೂ ಹಿತವಾಗುವಂತೆ ತಿದ್ದಬಹುದು ಎಂಬುದಕ್ಕೆ ಇದು ಉತ್ತಮವಾದ ಸಾಕ್ಷಿ.

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನೂ ಎದುರಿಸಬೇಕು. ಮೊದಲನೆಯದಾಗಿ, ಮದ್ದು ಹಿಡಿಸದಿರುವುದೆಲ್ಲವೂ ವಂಶವಾಹಿಯ ಫಲವಲ್ಲ. ವಯಸ್ಸು, ಮೂತ್ರಪಿಂಡ ಮತ್ತು ಯಕೃತ್ತುಗಳ ಸ್ಥಿತಿ, ಮದ್ಯಪಾನ, ಜೊತೆಯಲ್ಲಿ ಸೇವಿಸುವ ಇತರ ಔಷಧಗಳು, ಅರ್ಧಕ್ಕೆ ಬಿಟ್ಟ ಗುಳಿಗೆಗಳು ಇವೆಲ್ಲ ಕಾರಣಗಳಾಗುತ್ತವೆ. ನಮ್ಮ ಹಳೆಯ ವೈದ್ಯಪದ್ಧತಿಯೂ ರೋಗಿಯ ಪ್ರಕೃತಿಯನ್ನು ವಿಚಾರಿಸಿಯೇ ಮದ್ದು ಕೊಡಬೇಕೆಂದು ಹೇಳಿತು. ವಾತಪಿತ್ತಕಫಗಳ ಆ ವಿಂಗಡಣೆ ಬೇರೆ, ಕಿಣ್ವಗಳ ಈ ವಿಂಗಡಣೆ ಬೇರೆ. ಒಂದನ್ನು ಇನ್ನೊಂದರ ಮೇಲೆ ಹೇರುವುದು ಸರಿಯಲ್ಲ. ಆದರೆ ರೋಗದೊಡನೆ ರೋಗಿಯನ್ನೂ ನೋಡಬೇಕೆಂಬ ವಿವೇಕ ನಮಗೆ ಪರಕೀಯವೇನೂ ಅಲ್ಲ.

ಎರಡನೆಯ ಆಕ್ಷೇಪವು ಹೆಚ್ಚು ಗಂಭೀರವಾದದ್ದು. ಸಮುದಾಯಗಳ ಹೆಸರು ಹಿಡಿದು ರಕ್ತದ ವಿಷಯ ಮಾತನಾಡಿದರೆ ಜಾತಿಭೇದಕ್ಕೆ ವಿಜ್ಞಾನದ ಮುದ್ರೆ ಒತ್ತಿದಂತಾಗದೇ? ಈ ಭಯ ಸಕಾರಣವಾದುದು. ಹಾಗಾಗಿ ಎರಡು ಮಾತುಗಳನ್ನು ಸ್ಪಷ್ಟಪಡಿಸಬೇಕು. ಕಿಣ್ವದ ಕೊರತೆಗೆ ಮೇಲುಕೀಳು ಎಂಬುದಿಲ್ಲ. ಒಂದು ಮದ್ದಿಗೆ ಸೋಲುವ ದೇಹ ಇನ್ನೊಂದು ಮದ್ದಿಗೆ ಗೆಲ್ಲುತ್ತದೆ. ಎರಡನೆಯದಾಗಿ, ಸಮುದಾಯದ ಹೆಸರು ಒಂದು ಸುಳಿವು ಮಾತ್ರ; ತೀರ್ಪಲ್ಲ. ವೈಶ್ಯರಲ್ಲಿ ಬಹುಪಾಲು ಜನರಿಗೆ ಆ ಕೊರತೆ ಇಲ್ಲ. ವೈಶ್ಯರಲ್ಲದವರಿಗೂ ಅದು ಇರಬಹುದು. ಕುಲವನ್ನು ಕೇಳಿ ನಿರ್ಣಯಿಸುವ ವೈದ್ಯನು ಇಬ್ಬರ ವಿಷಯದಲ್ಲಿಯೂ ಎಡವುತ್ತಾನೆ. ವ್ಯಕ್ತಿಯ ಪರೀಕ್ಷೆಯೊಂದೇ ಸರಿಯಾದ ಉತ್ತರ. ಇನ್ನೊಂದು ಅಪಾಯವು ಮದುವೆಯ ಮಾತುಕತೆಯದು. ವಧೂವರರ ಜಾತಕದೊಡನೆ ಈ ಪರೀಕ್ಷೆಯ ಫಲಿತಾಂಶವನ್ನೂ ಕೇಳುವ ಕಾಲ ಬಂದರೆ ಜನ ಇದನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಕೊರತೆಯೇ ಕೊಲ್ಲುವ ಕೊರತೆ. ಆದುದರಿಂದ ಫಲಿತಾಂಶವು ರೋಗಿಗೂ ವೈದ್ಯರಿಗೂ ಮಾತ್ರ ಸೇರಿದ ವಿಷಯವೆಂಬ ಶಿಸ್ತನ್ನು ಆಸ್ಪತ್ರೆಗಳು ಕಟ್ಟುನಿಟ್ಟಾಗಿ ಪಾಲಿಸಬೇಕು.

ಮೂರನೆಯ ಆಕ್ಷೇಪ ಖರ್ಚಿನದು. ಸಾವಿರಾರು ರೂಪಾಯಿ ಪಡೆದು ವಂಶವಾಹಿಗಳ ಜಾತಕವನ್ನೇ ಬರೆದುಕೊಡುತ್ತೇವೆಂಬ ಜಾಹೀರಾತುಗಳು ಈಗ ಬರುತ್ತಿವೆ. ಅವುಗಳ ಹಿಂದೆ ಎಲ್ಲರೂ ಓಡಬೇಕೆಂದು ನಾನು ಹೇಳಲಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ದೇಶದ 10,000 ಜನರ ವಂಶವಾಹಿಗಳನ್ನು ಓದುವ ಕಾರ್ಯ ನಡೆದು, 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆಯಲಾಯಿತು. ಯೂರೋಪಿಯನ್ನರ ಮೈಗುಣವನ್ನು ಆಧರಿಸಿ ಬರೆದ ಅಳತೆಗಳನ್ನು ನಮ್ಮ ಮೈಗೆ ತಕ್ಕಂತೆ ತಿದ್ದುವುದಕ್ಕೆ ಇದು ಅಡಿಪಾಯವಾಗಬಲ್ಲದು. ಅದರ ಫಲವು ಹಳ್ಳಿಗೆ ಇಳಿಯಲು ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ.

ಹಾಗಾದರೆ ನಾವು ಮಾಡಬಹುದಾದದ್ದೇನು? ಮನೆಯಲ್ಲಿ ಒಂದು ಹಾಳೆಯನ್ನು ಇಡಬಹುದು. ಪಡಿತರ ಚೀಟಿಯ ಜೊತೆಗೆ ಅದೂ ಇರಲಿ. ಮನೆಯವರಲ್ಲಿ ಯಾರಿಗೆ, ಯಾವ ವರ್ಷ, ಯಾವ ಮದ್ದಿನಿಂದ, ಏನಾಯಿತು ಎಂಬ ನಾಲ್ಕು ಅಂಕಣಗಳು ಸಾಕು. ಕಂಪನಿ ಇಟ್ಟ ಹೆಸರಿಗಿಂತ, ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿರುವ ಔಷಧದ ಮೂಲನಾಮವನ್ನು ಬರೆಯಬೇಕು. ತಾಯಿಯ ತವರಿನ ಸಂಗತಿಗಳನ್ನೂ ಕೇಳಿ ಬರೆಯಬೇಕು. ಅರಿವಳಿಕೆಗೆ ಮುನ್ನ, ಹೊಸ ಮದ್ದಿಗೆ ಮುನ್ನ, ಆ ಹಾಳೆಯನ್ನು ವೈದ್ಯರ ಮುಂದಿಡಬೇಕು. ವೈದ್ಯರೂ ಸಹ, ರೋಗಿಗೆ ಮದ್ದು ತೀವ್ರವಾಗಿ ಒಗ್ಗದಿದ್ದಾಗ, ಅದರ ಹೆಸರನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದು ಕೈಗೆ ಕೊಟ್ಟು ಕಳುಹಿಸಬೇಕು. ಔಷಧಗಳ ದುಷ್ಪರಿಣಾಮಗಳನ್ನು ದಾಖಲಿಸಲು 2010ರಿಂದ ರಾಷ್ಟ್ರೀಯ ಕಾರ್ಯಕ್ರಮವೊಂದು ನಡೆದಿದೆ. ಗಾಜಿಯಾಬಾದಿನ ಭಾರತೀಯ ಔಷಧ ಸಂಹಿತಾ ಆಯೋಗವು ಅದನ್ನು ನೋಡಿಕೊಳ್ಳುತ್ತದೆ. 1800-180-3024 ಎಂಬ ಶುಲ್ಕರಹಿತ ದೂರವಾಣಿಗೆ ಸಾಮಾನ್ಯ ಜನರೂ ತಿಳಿಸಬಹುದು. ಮಲೆನಾಡಿನ ಮೂಲೆಯಿಂದ ದೂರು ಹೋಗದಿದ್ದರೆ, ಇಲ್ಲಿ ತೊಂದರೆಯೇ ಇಲ್ಲವೆಂದು ದೆಹಲಿಯ ಕಾಗದಗಳು ಹೇಳುತ್ತವೆ.

ಶಾಲೆಗಳ ಪಾತ್ರವೂ ಇಲ್ಲಿ ಹಿರಿದು. ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಮೆಂಡಲನ ಬಟಾಣಿ ಗಿಡಗಳನ್ನು ಕುರಿತು ಓದುತ್ತಾರೆ; ಎತ್ತರದ ಗಿಡ ಮೂರು, ಗಿಡ್ಡ ಗಿಡ ಒಂದು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತಾರೆ. ಆ ಬಟಾಣಿಯ ಲೆಕ್ಕವೇ ಅಕ್ಕನ ಅರಿವಳಿಕೆಗೂ ತಮ್ಮನ ಉಸಿರಿಗೂ ಇರುವ ಲೆಕ್ಕವೆಂದು ಯಾರಾದರೂ ಅವರಿಗೆ ಹೇಳಿದ್ದಾರೆಯೇ? ಮನೆಯ ಔಷಧಪಟ್ಟಿಯನ್ನು ಬರೆಯುವ ಕೆಲಸವನ್ನು ಆ ಮಕ್ಕಳಿಗೇ ಒಪ್ಪಿಸಬಹುದು. ಅದನ್ನು ತರಗತಿಯಲ್ಲಿ ಓದಿಸಬಾರದು, ಅಧ್ಯಾಪಕರೂ ನೋಡಬೇಕಾಗಿಲ್ಲ. ಬರೆಯುವ ಕ್ರಮವನ್ನು ಕಲಿಸಿದರೆ ಸಾಕು. ಅಜ್ಜಿಯ ಬಳಿ ಕುಳಿತು, "ನಿಮಗೆ ಯಾವ ಮದ್ದು ಆಗಿಬರುವುದಿಲ್ಲ?" ಎಂದು ಕೇಳುವ ಮೊಮ್ಮಗಳು ಒಂದು ಸಂಜೆಯಲ್ಲಿ ಸಂಗ್ರಹಿಸುವ ಮಾಹಿತಿಯನ್ನು ಯಾವ ಆಸ್ಪತ್ರೆಯ ಕಡತವೂ ಕೊಡಲಾರದು.

ಸರ್ಕಾರವು ಪರೀಕ್ಷೆಯನ್ನು ಆರೋಗ್ಯ ಕೇಂದ್ರಕ್ಕೆ ತರಲಿ. ಮನೆಗಳು ನೆನಪನ್ನು ಹಾಳೆಗೆ ಇಳಿಸಲಿ. ಮೊದಲನೆಯದಕ್ಕಾಗಿ ನಾವು ಒತ್ತಾಯಿಸುತ್ತಲೇ ಇರಬೇಕು. ಎರಡನೆಯದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಒಂದು ಹಾಳೆ, ಒಂದು ಲೇಖನಿ ಇದ್ದರಾಯಿತು. ವೈದ್ಯರ ಕೈಗುಣವನ್ನು ನಂಬುವುದರಲ್ಲಿ ತಪ್ಪೇನೂ ಇಲ್ಲ. ರೋಗಿಯ ಮೈಗುಣ ಆ ಕೈಗೆ ಮೊದಲೇ ತಿಳಿದಿರಲಿ.